ಜಾಮೀನು ಸಿಕ್ಕರೂ ತೆರೆಯದ ಬಾಗಿಲು: ಆರೋಪಿ ಪರ ವಕೀಲರ ಕೆಲಸ ಬೆಳೆದ ಬಗೆ

ಸಕಲೇಶಪುರ ಕಡೆಯ ಕಾಫಿ ತೋಟಕ್ಕೆ ಅಸ್ಸಾಂನಿಂದ ಕೂಲಿಗೆ ಬಂದವನನ್ನು ಕಾಳುಮೆಣಸು ಕದ್ದ ಆರೋಪದ ಮೇಲೆ ಪೊಲೀಸರು ಹಿಡಿದರೆ, ಅವನಿಗೆ ವಕೀಲರನ್ನು ಒದಗಿಸುವ ಹೊಣೆ ಯಾರದು, ಅದು ಯಾವ ಹಂತದಿಂದ ಶುರುವಾಗುತ್ತದೆ ಎಂಬುದಕ್ಕೆ ಕಾನೂನಿನಲ್ಲಿ ಈಗ ಉತ್ತರವಿದೆ. ಆದರೆ ಆ ಉತ್ತರ ಒಂದೇ ಕಡೆ ಸಿಗುವುದಿಲ್ಲ. ಹಲವು ದಶಕಗಳ ತೀರ್ಪುಗಳಲ್ಲಿ ಹಂಚಿಹೋಗಿದೆ.

ಸಂವಿಧಾನದ 22ನೇ ವಿಧಿ ಇಷ್ಟದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದ್ದರೂ, ಹಣವಿಲ್ಲದವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂದು ಅದರರ್ಥವಲ್ಲ ಎಂದು 1951ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 1979ರ ಹುಸೇನಾರಾ ಖಾತೂನ್ ಪ್ರಕರಣದಿಂದ ಈ ನಿಲುವು ಬದಲಾಯಿತು. ಆರೋಪಿಯನ್ನು ಮೊದಲ ಸಲ ಹಾಜರುಪಡಿಸಿದಾಗಲೇ ವಕೀಲರು ಇರಬೇಕೆಂದು 1981ರಲ್ಲೂ, ಅವನು ಕೇಳಲಿಲ್ಲವೆಂಬುದು ನೆಪವಾಗಬಾರದೆಂದು 1986ರಲ್ಲೂ ತೀರ್ಪು ಬಂತು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರಲ್ಲಿ ಜಾರಿಯಾದ ಮೇಲೆ ಬಂಧನದಲ್ಲಿರುವ ಯಾರೇ ಆದರೂ ವರಮಾನದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರಾದರು. 2022ರ ಯೋಜನೆಯಲ್ಲಿ ಈ ಕೆಲಸಕ್ಕೆಂದೇ ಪೂರ್ಣಾವಧಿ ವಕೀಲರ ನೇಮಕವೂ ಶುರುವಾಯಿತು.

ವಕೀಲರ ಕೆಲಸವೆಂದರೆ ವಾದ ಮಂಡನೆ ಎಂದುಕೊಂಡವರು ರಿಮ್ಯಾಂಡ್, ಅಂದರೆ ಆರೋಪಿಯನ್ನು ಬಂಧನದಲ್ಲಿ ಮುಂದುವರಿಸಬೇಕೇ ಎಂದು ನ್ಯಾಯಾಧೀಶರು ತೀರ್ಮಾನಿಸುವ ಪ್ರಕ್ರಿಯೆ, ನಡೆಯುವ ಹೊತ್ತನ್ನು ಒಮ್ಮೆ ನೋಡಬೇಕು. ಅಲ್ಲಿ ಸಿಗುವುದು ಕೆಲವೇ ನಿಮಿಷ. ದಸ್ತಗಿರಿಯಾದ ಸಮಯ ಯಾವುದು, 24 ಗಂಟೆ ಮೀರಿದೆಯೇ, ಮನೆಯವರಿಗೆ ತಿಳಿಸಿದ್ದಾರೆಯೇ, ಮೈಮೇಲೆ ಗಾಯವಿದೆಯೇ ಎಂಬುದನ್ನೆಲ್ಲ ಅಷ್ಟರಲ್ಲೇ ತಿಳಿದು ನ್ಯಾಯಾಧೀಶರ ಗಮನಕ್ಕೆ ತರಬೇಕು. ದಸ್ತಗಿರಿಯ ಕಾರಣಗಳನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ, ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಸ್ಸಾಮಿ ಮಾತ್ರ ಬಲ್ಲವನ ಕೈಯಲ್ಲಿ ಕನ್ನಡದ ಕಾಗದವಿದ್ದರೆ ಅದನ್ನು ಆಕ್ಷೇಪಿಸಲು ವಕೀಲರಲ್ಲದೆ ಅವನಿಗೆ ಬೇರೆ ಯಾರೂ ಇರುವುದಿಲ್ಲ.

ಜಾಮೀನು ಮಂಜೂರಾದ ಮೇಲೆ ಇನ್ನೊಂದು ತೊಡಕು ಎದುರಾಗುತ್ತದೆ. ಶ್ಯೂರಿಟಿ ಕೊಡುವವರು, ಅಂದರೆ ಆರೋಪಿ ತಪ್ಪದೆ ನ್ಯಾಯಾಲಯಕ್ಕೆ ಬರುತ್ತಾನೆಂದು ಹೊಣೆ ಹೊರುವವರು, ಸಾಮಾನ್ಯವಾಗಿ ಪಹಣಿ ತರಬೇಕಾಗುತ್ತದೆ. ತೋಟದ ಕೂಲಿಗಳ ಲೈನ್ ಮನೆಯಲ್ಲಿ ವಾಸಿಸುವ ಹೊರರಾಜ್ಯದ ಕಾರ್ಮಿಕನಿಗಾಗಿ ತನ್ನ ಜಮೀನಿನ ಪಹಣಿ ಹಿಡಿದು ಬರುವ ಸ್ಥಳೀಯರು ಸಿಗುವುದು ಕಷ್ಟ. ಬೇರೆ ಜಿಲ್ಲೆಯ ಆಸ್ತಿ ಎಂಬ ಕಾರಣಕ್ಕೆ ಗಾರೆ ಕೆಲಸಗಾರನೊಬ್ಬನ ಪರ ಬಂದ ಶ್ಯೂರಿಟಿಯನ್ನು ತಳ್ಳಿಹಾಕಿದ್ದು ತಪ್ಪೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1978ರ ಮೋತಿರಾಮ್ ಪ್ರಕರಣದಲ್ಲೇ ಬರೆದಿದ್ದರು. ಅದಾಗಿ ನಾಲ್ಕು ದಶಕ ಕಳೆದ ಮೇಲೂ, 2023ರ ಜನವರಿಯಲ್ಲಿ, ಸ್ಥಳೀಯ ಶ್ಯೂರಿಟಿಯ ಷರತ್ತು ಬಿಡುಗಡೆಯನ್ನು ತಡೆಯುತ್ತಿದ್ದರೆ ಅದನ್ನು ಹೇರಬಾರದೆಂದು ಸುಪ್ರೀಂ ಕೋರ್ಟ್ ಮತ್ತೆ ಸೂಚಿಸಬೇಕಾಗಿ ಬಂತು ಎಂಬುದು ನೋವಿನ ಸಂಗತಿ.

ಅದೇ ಸೂಚನೆಯ ಪ್ರಕಾರ ಜಾಮೀನು ಸಿಕ್ಕ ಏಳು ದಿನದಲ್ಲಿ ಕೈದಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಸಲ್ಲಿಸಲಾಗದಿದ್ದರೆ ನ್ಯಾಯಾಲಯವೇ ಷರತ್ತನ್ನು ಸಡಿಲಿಸುವುದನ್ನು ಪರಿಗಣಿಸಬಹುದು. ಆ ತಿಂಗಳು ಮುಗಿಯುವವರೆಗೂ ಕಾಯದೆ, ಶ್ಯೂರಿಟಿಯ ಮೊತ್ತ ಇಳಿಸುವಂತೆ ಅಥವಾ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತೆ ಅರ್ಜಿ ಹಾಕುವ ಅವಕಾಶವೂ ವಕೀಲರಿಗಿದೆ.