ರೇಟಿಂಗ್ ಅಂದರೆ ಅಳತೆಯಲ್ಲ, ಬೆಲೆಕಟ್ಟು

ಗುಂಡು ಹಾರಿಸುವ ವಿಡಿಯೋ ಗೇಮ್ ಆಡುವವರ ಮಾಮೂಲಿ ದೂರು ಇದು: "ಗನ್ನಿನ ಡ್ಯಾಮೇಜ್ (ಗುಂಡು ಮಾಡುವ ಹಾನಿ) 80 ಅಂತ ತೋರಿಸುತ್ತೆ, ಎದುರಾಳಿಗೆ ಇರೋದು 100 ಹೆಲ್ತ್ (ಉಳಿದಿರುವ ಜೀವ). ಎರಡು ಗುಂಡಿಗೆ ಬೀಳಬೇಕಿತ್ತು, ನಾಲ್ಕು ಹೊಡೆದರೂ ಬೀಳಲಿಲ್ಲ. ಗೇಮಲ್ಲೇ ಬಗ್ ಇದೆ." ಬಗ್ ಗೇಮಿನಲ್ಲಿಲ್ಲ. ಆ 80 ಡ್ಯಾಮೇಜೇ ಅಲ್ಲ, ಡ್ಯಾಮೇಜಿನ ರೇಟಿಂಗ್. ಎರಡನ್ನೂ 'ಸ್ಟ್ಯಾಟ್ಸ್' ಎಂಬ ಒಂದೇ ಚೀಲಕ್ಕೆ ತುಂಬಿದ ಮೇಲೆ ಈ ಗೋಳು ಮುಗಿಯುವುದೇ ಇಲ್ಲ.

ರೇಟಿಂಗ್ ಪದದ ಬೇರು ಲ್ಯಾಟಿನ್ನಿನ 'ರಾಟಾ': ಲೆಕ್ಕ ಹಾಕಿ ಗೊತ್ತುಪಡಿಸಿದ್ದು. 'ಪ್ರೊ ರಾಟಾ' (ಪಾಲಿಗೆ ತಕ್ಕಂತೆ) ಎಂಬಲ್ಲಿ ಅದು ಇವತ್ತಿಗೂ ಹಾಗೇ ಉಳಿದಿದೆ. ಅಲ್ಲಿಂದ ಇಂಗ್ಲಿಷಿಗೆ ಬಂದ ರೇಟ್ ಎರಡು ದಾರಿ ಹಿಡಿಯಿತು. ಒಂದು, ಇಷ್ಟಕ್ಕೆ ಇಷ್ಟು ಎಂಬ ಪ್ರಮಾಣ. ಫೈರ್ ರೇಟ್ ಈ ಸಾಲಿನದು, ನಿಮಿಷಕ್ಕೆ ಇಷ್ಟು ಗುಂಡು. ಇನ್ನೊಂದು, ಯೋಗ್ಯತೆ ನೋಡಿ ಬೆಲೆ ಕಟ್ಟುವುದು. ರೇಟಿಂಗ್ ಹುಟ್ಟಿದ್ದು ಇದರಿಂದ. ಕನ್ನಡಕ್ಕೆ ಬಂದ 'ರೇಟು' ಹೆಚ್ಚಾಗಿ ಬೆಲೆಯ ಅರ್ಥದಲ್ಲೇ ನಿಂತಿದೆ, ಅದು ಇಲ್ಲಿ ನಮಗೆ ಅನುಕೂಲವೇ. ಬೆಲೆ ಕಟ್ಟಿದ್ದಾರೆ ಅಂದಕೂಡಲೇ ಯಾರು ಕಟ್ಟಿದ್ದು, ಯಾವುದರ ಪಕ್ಕ ಇಟ್ಟು ಕಟ್ಟಿದ್ದು ಎಂದು ಕೇಳುತ್ತೇವಲ್ಲ, ರೇಟಿಂಗ್ ಕಂಡಾಗಲೂ ಅದನ್ನೇ ಕೇಳಬೇಕು. ಫೈರ್ ರೇಟ್ 600 ಎಂದರೆ ಗುಂಡು ಎಣಿಸಬಹುದು. ಫೈರ್ ರೇಟಿಗೆ 60 ರೇಟಿಂಗ್ ಎಂದರೆ ಎಣಿಸಲು ಏನೂ ಇಲ್ಲ.

ಡೆಸ್ಟಿನಿ 2 ಎಂಬ ಶೂಟಿಂಗ್ ಗೇಮಿನಲ್ಲಿ ಅಳತೆ, ರೇಟಿಂಗ್ ಎರಡೂ ಒಂದೇ ಪರದೆಯ ಮೇಲಿವೆ. ಇಂಪ್ಯಾಕ್ಟ್ (ಏಟಿನ ಬಲ), ರೇಂಜ್ (ದೂರ), ಸ್ಟೆಬಿಲಿಟಿಗೆ (ಸ್ಥಿರತೆ) ಉದ್ದುದ್ದ ಬಾರ್. ನಿಮಿಷಕ್ಕೆಷ್ಟು ಗುಂಡು, ಮ್ಯಾಗಜೀನಿನಲ್ಲಿ ಎಷ್ಟು ಎಂಬುದಕ್ಕೆ ಬರೀ ಅಂಕಿ. ಬಾರ್ ಇದ್ದದ್ದು ರೇಟಿಂಗ್, ಬರೀ ಅಂಕಿ ಅಳತೆ. ಇಂಪ್ಯಾಕ್ಟನ್ನು ಒಂದೇ ಜಾತಿಯ ಗನ್ನುಗಳ ನಡುವೆ ಹೋಲಿಸಿದರೆ ಮಾತ್ರ ಅರ್ಥ. ಹ್ಯಾಂಡ್ ಕ್ಯಾನನ್ (ಭಾರೀ ಪಿಸ್ತೂಲು) ಬಾರನ್ನು ದೂರದಿಂದ ಹೊಡೆಯುವ ಸ್ನೈಪರಿನ ಬಾರಿನ ಪಕ್ಕ ಇಟ್ಟು ವಾದ ಮಾಡುವವರಿಗೆ ಏನು ಹೇಳುವುದು?

ರೇಟಿಂಗನ್ನು ಶೇಕಡಾ ಎಂದು ಓದುವುದು ಇನ್ನೊಂದು ಚಾಳಿ. ಕತ್ತಿ-ಮಂತ್ರಗಳ ಆನ್‌ಲೈನ್ ಗೇಮ್ ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ಶೇಕಡಾ 1ರಷ್ಟು ಕ್ರಿಟಿಕಲ್ (ಮಾಮೂಲಿಗಿಂತ ಜೋರಾದ ಏಟು ಬೀಳುವ ಸಾಧ್ಯತೆ) ಪಡೆಯಲು 70ನೇ ಲೆವೆಲ್ಲಿನಲ್ಲಿ ಸುಮಾರು 22 ರೇಟಿಂಗ್ ಸಾಕಾಗುತ್ತಿತ್ತು, ಲೆವೆಲ್ಲಿನ ಮಿತಿ 80ಕ್ಕೆ ಏರಿದಾಗ ಅದಕ್ಕೇ ಸುಮಾರು 46 ಬೇಕಾಯಿತು. ಕತ್ತಿ ಅದೇ, ಅದರ ಮೇಲಿನ ಅಂಕಿಯೂ ಅದೇ, ಬೆಲೆ ಮಾತ್ರ ಅರ್ಧಕ್ಕಿಳಿಯಿತು.

ಹಾಗಂತ ಅಳತೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಡಿಪಿಎಸ್ (ಸೆಕೆಂಡಿಗೆ ಎಷ್ಟು ಡ್ಯಾಮೇಜ್) ಹಿಡಿದು ಜಗಳವಾಡುವವರು ಕೌಂಟರ್-ಸ್ಟ್ರೈಕ್ ಗೇಮಿನ ಈ ಗನ್ನುಗಳ ಜೋಡಿಯನ್ನು ನೋಡಲಿ. ಎಕೆ-47: ಗುಂಡಿಗೆ 36 ಡ್ಯಾಮೇಜ್, ನಿಮಿಷಕ್ಕೆ 600 ಗುಂಡು. ಎಂ4ಎ4: ಗುಂಡಿಗೆ 33, ನಿಮಿಷಕ್ಕೆ 666. ಸೆಕೆಂಡಿನ ಲೆಕ್ಕದಲ್ಲಿ ಎಕೆಗೆ 360, ಎಂ4ಗೆ 366. ಎಂ4 ಗೆದ್ದಿತು ಎನ್ನುವಷ್ಟರಲ್ಲಿ ಎದುರಾಳಿಗೆ ಆರ್ಮರ್ (ರಕ್ಷಾಕವಚ) ಹಾಕಿಸಿ. ಆರ್ಮರಿನ ಮೂಲಕ ಎಕೆಯ ಡ್ಯಾಮೇಜಿನಲ್ಲಿ ಶೇಕಡಾ 77.5 ದಾಟುತ್ತದೆ, ಎಂ4ನ 70 ಮಾತ್ರ. ಹತ್ತಿರದಿಂದ ಎದೆಗೆ ಹೊಡೆದರೆ ಗುಂಡಿಗೆ 27.9 ಮತ್ತು 23.1. 100 ಹೆಲ್ತ್ ಇಳಿಸಲು ಎಕೆಗೆ 4 ಗುಂಡು, ಎಂ4ಗೆ 5.

ಕೊಲ್ಲಲು ಎಕೆಗೆ ಎಷ್ಟು ಹೊತ್ತು ಬೇಕು? ಇಲ್ಲಿ ಬಹಳ ಜನ ನಾಲ್ಕು ಗುಂಡನ್ನು ಗುಂಡುಗಳ ನಡುವಿನ 0.1 ಸೆಕೆಂಡಿನಿಂದ ಗುಣಿಸಿ 0.4 ಎನ್ನುತ್ತಾರೆ. ತಪ್ಪು. ಮೊದಲ ಗುಂಡು ಹಾರುವುದು ಸೊನ್ನೆಯಲ್ಲಿ, ಕಾಯಬೇಕಾದದ್ದು ನಡುವಿನ ಮೂರು ಬಿಡುವುಗಳನ್ನು ಮಾತ್ರ. ಎಕೆಗೆ 0.30 ಸೆಕೆಂಡು, ಎಂ4ಗೆ ನಾಲ್ಕು ಬಿಡುವು, 0.36. ಡಿಪಿಎಸ್ಸಿನಲ್ಲಿ ಸೋತದ್ದು ಕೊಲ್ಲುವುದರಲ್ಲಿ ಮುಂದೆ. ಹೆಲ್ಮೆಟ್ ಹಾಕಿದ ತಲೆಗಾದರೆ ನಾಲ್ಕು ಪಟ್ಟು: ಎಕೆ 111.6, ಒಂದೇ ಗುಂಡು. ಎಂ4 92.4, ಎದುರಾಳಿ ಇನ್ನೂ ನಿಂತೇ ಇದ್ದಾನೆ.

ಇನ್ನು ರೇಂಜ್. ಅದು ಗುಂಡು ಹೋಗುವ ದೂರವಲ್ಲ, ಬಹುಪಾಲು ಗೇಮುಗಳಲ್ಲಿ ಡ್ಯಾಮೇಜ್ ಇಳಿಯಲು ಶುರುವಾಗುವ ದೂರ. ರಿಕಾಯ್ಲಿನ (ಗುಂಡು ಹಾರಿದಾಗ ಗನ್ನಿನ ಒದೆತದ) ಬಾರ್ ಉದ್ದವಿದ್ದರೆ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಹೆಸರಿನ ಮೇಲೆ ನಿಂತಿದೆ. ಬರೀ 'ರಿಕಾಯ್ಲ್' ಎಂದಿದ್ದರೆ ಗನ್ ಒದೆಯುತ್ತದೆ ಎಂದಿರಬಹುದು. 'ರಿಕಾಯ್ಲ್ ಕಂಟ್ರೋಲ್' ಎಂದಿದ್ದರೆ ಒದೆಯುವುದಿಲ್ಲ ಎಂದು. ಅನುಮಾನವಿದ್ದರೆ ಟ್ರೇನಿಂಗ್ ಮ್ಯಾಪಿನಲ್ಲಿ ಗೋಡೆಗೆ ಒಂದು ಮ್ಯಾಗಜೀನ್ ಖಾಲಿ ಮಾಡಿ, ಮೌಸ್ ಅಲುಗಾಡಿಸದೆ. ತೂತುಗಳು ಎಲ್ಲಿಯವರೆಗೆ ಹತ್ತಿವೆ ನೋಡಿ.