ಆಫ್‌ಸೀಸನ್ ಕೆಲಸಕ್ಕೆ ಕಪ್‌ಲಾಕ್, ರಿಂಗ್‌ಲಾಕ್ ಸಾರುವೆ: ಅಧ್ಯಯನ ಟಿಪ್ಪಣಿ

ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವುದು ನಿಂತ ಕೂಡಲೇ ರಿಪೇರಿ ಕೆಲಸ ಶುರುವಾಗುತ್ತದೆ. ಬಾಯ್ಲರ್ ಟ್ಯೂಬ್ ಬದಲಿಸಬೇಕು, ಕಬ್ಬಿನ ರಸ ಕಾಯಿಸಿ ಗಟ್ಟಿ ಮಾಡುವ ಇವ್ಯಾಪೊರೇಟರ್ ಬಾಡಿಯ ಇನ್ಸುಲೇಷನ್ ಬಿಚ್ಚಿ ಹೊಸದು ಹಾಕಬೇಕು, ಡಕ್ಟ್‌ಗೆ ತೇಪೆ ಹಾಕಬೇಕು, ಮಿಲ್ ಹೌಸ್ ಚಾವಣಿಯ ಶೀಟ್ ಬದಲಾಯಿಸಬೇಕು. 1933ರಲ್ಲಿ ಸ್ಥಾಪನೆಯಾದ ಮೈಷುಗರ್‌ನಷ್ಟು ಹಳೆಯ ಕಾರ್ಖಾನೆಯಾಗಲಿ, ನಂಜನಗೂಡು ಕಡೆಯ ಹೊಸ ಘಟಕವಾಗಲಿ, ಸಾರುವೆ ನಿಲ್ಲದೆ ಈ ಯಾವ ಕೆಲಸಕ್ಕೂ ಕೈ ಹಾಕಲಾಗದು. ಐಟಿಐ, ಡಿಪ್ಲೊಮಾ ಮುಗಿಸಿ ಸೈಟಿಗೆ ಬರುವವರಿಗಾಗಿ ಈ ಟಿಪ್ಪಣಿ. ಇಲ್ಲಿ ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ: ಸಾರುವೆಯ ಬಲ ಇರುವುದು ನಿಂತಿರುವ ಪೈಪಿನಲ್ಲಲ್ಲ, ಪೈಪನ್ನು ಹಿಡಿದಿರುವ ಗಂಟುಗಳಲ್ಲಿ ಮತ್ತು ಅಡ್ಡ ಲೆಡ್ಜರುಗಳಲ್ಲಿ.

ಭಾಗಗಳು

ಕಪ್‌ಲಾಕ್, ರಿಂಗ್‌ಲಾಕ್ ಎರಡು ಸಾರುವೆ ಪದ್ಧತಿಗಳಿಗೂ ಮೂಲ ಒಂದೇ ಪೈಪು, ಹೊರ ವ್ಯಾಸ 48.3 ಮಿಮೀ. ನಮ್ಮಲ್ಲಿ 40 ಎನ್‌ಬಿ ಅನ್ನುವುದು ಇದನ್ನೇ. ಗೋಡೆ ದಪ್ಪ ಸಾಮಾನ್ಯವಾಗಿ 3.2 ಮಿಮೀ. ನಿಲ್ಲುವ ತುಂಡು ವರ್ಟಿಕಲ್, ಮಲಗುವ ತುಂಡು ಲೆಡ್ಜರ್, ಕರ್ಣಕ್ಕೆ ಹೋಗುವುದು ಬ್ರೇಸಿಂಗ್, ಕೆಳಗೆ ತಿರುಗಿಸಿ ಎತ್ತರ ಹೊಂದಿಸುವ ಬೇಸ್ ಜಾಕ್. ವರ್ಟಿಕಲ್‌ನಲ್ಲಿ ಪ್ರತಿ ಅರ್ಧ ಮೀಟರಿಗೊಂದು ಗಂಟು ಇರುತ್ತದೆ. ಲೆಡ್ಜರ್ ಹಾಕುವ ಎತ್ತರವೆಲ್ಲ ಈ ಅರ್ಧ ಮೀಟರಿನ ಲೆಕ್ಕದಲ್ಲೇ ನಡೆಯುತ್ತದೆ.

ಕಪ್‌ಲಾಕ್‌ನ ಗಂಟಿನಲ್ಲಿ ಕೆಳಗಿನ ಕಪ್ಪು ಪೈಪಿಗೆ ವೆಲ್ಡ್ ಆಗಿರುತ್ತದೆ, ಮೇಲಿನ ಕಪ್ಪು ಜಾರಾಡುತ್ತದೆ. ಲೆಡ್ಜರ್ ತುದಿಯ ನಾಲಿಗೆಯನ್ನು ಕೆಳಗಿನ ಕಪ್ಪಿಗೆ ಇಳಿಸಿ, ಮೇಲಿನದನ್ನು ಕೂರಿಸಿ ತಿರುಗಿಸಿ, ಸುತ್ತಿಗೆಯಲ್ಲಿ ಹೊಡೆದು ಬಿಗಿ ಮಾಡಬೇಕು. ಒಂದು ಗಂಟಿಗೆ ನಾಲ್ಕು ಲೆಡ್ಜರ್, ಅಷ್ಟೇ. ಬ್ರೇಸಿಂಗ್‌ಗೆ ಜಾಗ ಉಳಿಯದಿದ್ದರೆ ಯಾವ ಕೋನಕ್ಕೂ ತಿರುಗುವ ಸ್ವಿವೆಲ್ ಕ್ಲಾಂಪ್ ಬೇಕಾಗುತ್ತದೆ. ರಿಂಗ್‌ಲಾಕ್‌ನಲ್ಲಿ ಗಂಟೆಂದರೆ ಎಂಟು ತೂತಿನ ಬಿಲ್ಲೆ: ನಾಲ್ಕು ಚಿಕ್ಕ ತೂತು, ನಾಲ್ಕು ದೊಡ್ಡ ತೂತು. ಲೆಡ್ಜರ್ ತಲೆಯನ್ನು ಬಿಲ್ಲೆಗೆ ತೊಡಿಸಿ ಬೆಣೆ ಹೊಡೆಯುತ್ತಾರೆ. ಚಿಕ್ಕ ತೂತಿಗೆ ಹೋದ ಲೆಡ್ಜರುಗಳು ತಾವಾಗಿಯೇ ಕರಾರುವಾಕ್ಕಾಗಿ ಲಂಬಕೋನದಲ್ಲಿ ಕೂರುತ್ತವೆ. ದೊಡ್ಡ ತೂತಿನಲ್ಲಿ ಕೋನಕ್ಕೆ ಸ್ವಲ್ಪ ಸಡಿಲು ಸಿಗುತ್ತದೆ.

ನೇರ ಗೋಡೆ, ಮಿಲ್ ಹೌಸ್ ಕಂಬಸಾಲು, ಸ್ಲ್ಯಾಬಿನ ಕೆಳಗೆ ಕಪ್‌ಲಾಕ್ ಸಾಕು. ಬಾಡಿಗೆಗೂ ಸುಲಭವಾಗಿ ಸಿಗುತ್ತದೆ. ದುಂಡನೆಯ ಪಾತ್ರೆ, ಪೈಪ್ ರ್‍ಯಾಕ್, ತೂಗುವ ಸಾರುವೆ ಬಂದಲ್ಲಿ ರಿಂಗ್‌ಲಾಕೇ ಮೇಲು.

ಬಾಡಿಗೆ ಸಾಮಾನು ಇಳಿಸಿಕೊಳ್ಳುವಾಗ ತಕ್ಕಡಿ ಇಟ್ಟುಕೊಳ್ಳಿ. 3.2 ಮಿಮೀ ಪೈಪು ಮೀಟರಿಗೆ 3.56 ಕೆಜಿ ತೂಗಬೇಕು. ಅಂದರೆ 3 ಮೀಟರಿನ ಬರೀ ಪೈಪೇ 10.7 ಕೆಜಿ, ಕಪ್ಪುಗಳ ತೂಕ ಬೇರೆ. 2.5 ಮಿಮೀ ಪೈಪಾದರೆ ಅದೇ ಉದ್ದ ಎಂಟೂವರೆ ಕೆಜಿಗೇ ನಿಲ್ಲುತ್ತದೆ. ಬಣ್ಣ ಬಳಿದ ಮೇಲೆ ಕಣ್ಣಿಗೆ ಎರಡೂ ಒಂದೇ. ಸಕ್ಕರೆ ಕಾರ್ಖಾನೆಯಲ್ಲಿ ಗಂಧಕದ ಹೊಗೆ, ಸುಣ್ಣ, ಕಾಕಂಬಿಯ ನಡುವೆ ಓಡಾಡಿದ ಪೈಪು ಒಳಗಿನಿಂದಲೂ ತಿಂದುಹೋಗಿರುತ್ತದೆ. ದಪ್ಪ ಅಳೆಯುವ ಅಲ್ಟ್ರಾಸೋನಿಕ್ ಗೇಜ್ ಇದ್ದರೆ ಬುಡದ ತುಂಡುಗಳನ್ನು ಅಳೆದು, 2.9 ಮಿಮೀಗಿಂತ ಕಡಿಮೆ ಬಂದದ್ದನ್ನು ಬದಿಗಿಡಿ.

ಒಂದು ಲೆಡ್ಜರ್ ತೆಗೆದರೆ ಏನಾಗುತ್ತದೆ

ಶಟ್‌ಡೌನ್‌ನಲ್ಲಿ ದಿನಕ್ಕೆ ನಾಲ್ಕು ಸಲ ಕೇಳಿಬರುವ ಮಾತಿದು: "ಅಣ್ಣಾ, ಈ ವಾಲ್ವ್ ಒಳಗೆ ಹೋಗ್ತಿಲ್ಲ, ಒಂದೇ ಒಂದು ಲೆಡ್ಜರ್ ತೆಗೀತೀನಿ, ಆಮೇಲೆ ಹಾಕ್ತೀನಿ." ಕೇಳಿದವರು ಹೂಂ ಅನ್ನುವ ಮೊದಲು ಈ ಲೆಕ್ಕ ಮಾಡಬೇಕು.

ಉದ್ದನೆಯ ಪೈಪಿನ ಮೇಲೆ ಭಾರ ಬಿದ್ದರೆ ಅದು ಜಜ್ಜಿಹೋಗುವ ಮುಂಚೆಯೇ ಬಳುಕಿ ಬಿಡುತ್ತದೆ. ಬಳುಕುವ ಭಾರ ಎಷ್ಟೆಂಬುದು ಎರಡು ಲೆಡ್ಜರ್‌ಗಳ ನಡುವಿನ ಎತ್ತರದ ವರ್ಗಕ್ಕೆ ವಿಲೋಮ. ಎತ್ತರ ಎರಡು ಪಟ್ಟಾದರೆ ತಾಳುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. 48.3 × 3.2 ಪೈಪಿನ ಜಡತ್ವ ಭ್ರಮಣಾಂಕ ಸುಮಾರು 11.6 ಸೆಂಮೀ⁴. ಆಯ್ಲರ್ ಸೂತ್ರಕ್ಕೆ ಹಾಕಿದರೆ 1.5 ಮೀ ಎತ್ತರಕ್ಕೆ ಸುಮಾರು 102 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಅಂದರೆ ಹತ್ತಿರಹತ್ತಿರ 100 ಕೆಜಿ ಭಾರ), 2 ಮೀಟರಿಗೆ 57, 3 ಮೀಟರಿಗೆ 25, 4 ಮೀಟರಿಗೆ ಬರೀ 14. ಇವು ಕಾಗದದ ಮೇಲಿನ ಗರಿಷ್ಠಗಳು. ಪೈಪು ಸ್ವಲ್ಪ ಸೊಟ್ಟಗಿರುತ್ತದೆ, ಗಂಟು ಕೊಂಚ ಸಡಿಲಿರುತ್ತದೆ, ಭಾರ ನಟ್ಟನಡುವೆ ಬೀಳುವುದಿಲ್ಲ. ಆದ್ದರಿಂದ ಕಂಪನಿಗಳು ಕೊಡುವ ಸುರಕ್ಷಿತ ಭಾರ ಇದಕ್ಕಿಂತ ತುಂಬಾ ಕಡಿಮೆ ಇರುತ್ತದೆ. ಬಳಸಬೇಕಾದ್ದು ಕಂಪನಿಯ ಆ ಭಾರದ ಪಟ್ಟಿಯನ್ನೇ. ಸೂತ್ರ ನಮಗೆ ಬೇಕಾಗಿರುವುದು ಇಳಿಜಾರು ಎಷ್ಟು ಕಡಿದು ಅನ್ನುವುದನ್ನು ತಿಳಿಯಲು.

2 ಮೀಟರಿಗೊಂದು ಲೆಡ್ಜರ್ ಇರುವ ಸಾರುವೆಯಲ್ಲಿ ನಡುವಿನದೊಂದನ್ನು ತೆಗೆದರೆ, ಆ ಲೆಡ್ಜರ್ ಹಿಡಿದಿದ್ದ ದಿಕ್ಕಿನಲ್ಲಿ ಎರಡು ವರ್ಟಿಕಲ್‌ಗಳ ಹಿಡಿತವಿಲ್ಲದ ಎತ್ತರ 4 ಮೀಟರ್ ಆಗುತ್ತದೆ. 57 ಇದ್ದದ್ದು 14. ಪಕ್ಕದ ಅಂಕಣದ (ವರ್ಟಿಕಲ್ ಸಾಲುಗಳ ನಡುವಿನ ಒಂದು ಮನೆ) ಲೆಡ್ಜರ್ ಇನ್ನೂ ಹಿಡಿದಿದ್ದರೆ ಒಳಗಿನ ವರ್ಟಿಕಲ್ ಬದುಕುತ್ತದೆ. ತುದಿಯ ಅಂಕಣದಲ್ಲಿ ಮೂಲೆಯ ವರ್ಟಿಕಲ್‌ಗೆ ಆ ಆಸರೆಯೂ ಇರುವುದಿಲ್ಲ. ವಾಲ್ವ್ ಒಳಗೆ ಹೋಗಲೇಬೇಕೆಂದಿದ್ದರೆ, ಮೊದಲು ಅದೇ ಎತ್ತರದಿಂದ ಅರ್ಧ ಮೀಟರ್ ಮೇಲಿನ ಗಂಟಿಗೂ ಕೆಳಗಿನ ಗಂಟಿಗೂ ಬದಲಿ ಲೆಡ್ಜರ್ ಹಾಕಿಸಿ, ಆಮೇಲೆ ನಡುವಿನದನ್ನು ತೆಗೆಯಿರಿ. ನಡುವೆ 1 ಮೀಟರ್ ಬಾಗಿಲು ಸಿಗುತ್ತದೆ, ಹಿಡಿತವಿಲ್ಲದ ಎತ್ತರ ಎಲ್ಲೂ 1.5 ಮೀಟರ್ ದಾಟುವುದಿಲ್ಲ. ಇದನ್ನು ಮಾಡಬೇಕಾದವರು ಸಾರುವೆ ತಂಡದವರೇ, ಫಿಟ್ಟರ್ ಅಲ್ಲ.

ಇವ್ಯಾಪೊರೇಟರ್ ಸುತ್ತ ಎಂಟು ಮೂಲೆ

3 ಮೀ ವ್ಯಾಸದ ಬಾಡಿ, ಮೇಲೆ 75 ಮಿಮೀ ಇನ್ಸುಲೇಷನ್, 6 ಮೀ ಎತ್ತರದಲ್ಲಿ ಕೆಲಸದ ಅಟ್ಟಣೆ. ರಿಂಗ್‌ಲಾಕ್‌ನಲ್ಲಿ ಕಟ್ಟೋಣ.

ಒಳಗಿನ ಸುತ್ತಿಗೆ 1.5 ಮೀ ಲೆಡ್ಜರಿನ ಎಂಟು ಬಾಹುಗಳ ಆಕೃತಿ. ಕೇಂದ್ರದಿಂದ ಬಾಹುವಿನ ನಡುವಿಗೆ ದೂರ 1.207 × 1.5, ಅಂದರೆ 1.81 ಮೀ. ಬಾಡಿಯ ತ್ರಿಜ್ಯ 1.5, ಇನ್ಸುಲೇಷನ್ ಸೇರಿ 1.575. ಬಾಹುವಿನ ನಡುವೆ ಉಳಿಯುವ ಸಂದು ಸುಮಾರು 235 ಮಿಮೀ. ಇನ್ಸುಲೇಷನ್ ಬಿಚ್ಚಿದ ದಿನ ಅದೇ ಸಂದು 310 ಆಗುತ್ತದೆ. ಮೂಲೆಗಳಲ್ಲಿ ಇನ್ನೂ ಹೆಚ್ಚು, ಯಾಕೆಂದರೆ ಮೂಲೆಯ ವರ್ಟಿಕಲ್ ಕೇಂದ್ರದಿಂದ 1.96 ಮೀ ದೂರದಲ್ಲಿದೆ. 300 ಮಿಮೀ ದಾಟಿದ ಕಡೆ ಒಳಗಿನ ಬ್ರಾಕೆಟ್ ಹಾಕಿ ಹಲಗೆ ಮುಂದುವರಿಸಬೇಕು, ಇಲ್ಲವೇ ಒಳಗೂ ಕೈಕಂಬಿ ಬೇಕು.

ಪ್ರತಿ ಬಾಹುವಿನಿಂದ ಹೊರಕ್ಕೆ 1 ಮೀ ಅಗಲದ ಆಯತಾಕಾರದ ಅಂಕಣ. ಎರಡು ಅಂಕಣಗಳು ಒಳಗಿನ ಒಂದೇ ವರ್ಟಿಕಲ್ ಹಂಚಿಕೊಳ್ಳುತ್ತವೆ. ಆ ಬಿಲ್ಲೆಯಲ್ಲಿ ನಾಲ್ಕು ಲೆಡ್ಜರ್ ಕೂರುವ ಕೋನಗಳು 0, 135, 225, 270 ಡಿಗ್ರಿ. ಬಿಲ್ಲೆಯ ತೂತುಗಳು 45 ಡಿಗ್ರಿಗೊಂದು ಇರುವುದರಿಂದ ನಾಲ್ಕೂ ತೂತಿಗೆ ಸರಿಯಾಗಿ ಬಂದು ಬೀಳುತ್ತವೆ. ಎಂಟು ಮೂಲೆಯ ಸುತ್ತಿಗೆ ರಿಂಗ್‌ಲಾಕ್ ಇಷ್ಟು ಚೆನ್ನಾಗಿ ಒಗ್ಗುವುದು ಇದೇ ಕಾರಣಕ್ಕೆ. ಅಂಕಣಗಳ ನಡುವೆ ಹೊರಗಡೆ 45 ಡಿಗ್ರಿಯ ತ್ರಿಕೋನ ಬಾಯಿ ಉಳಿಯುತ್ತದೆ, ಹೊರ ಅಂಚಿನಲ್ಲಿ ಅದರ ಅಗಲ ಸುಮಾರು 765 ಮಿಮೀ. ಮನುಷ್ಯ ಬೀಳುವಷ್ಟು ದೊಡ್ಡದು. ಅದನ್ನು ಟ್ಯೂಬ್, ಕ್ಲಾಂಪ್ ಹಾಕಿಯೇ ಮುಚ್ಚಬೇಕು.

ಸಾಮಾನಿನ ಲೆಕ್ಕ: ಒಳಗೆ 8, ಹೊರಗೆ 16, ಒಟ್ಟು 24 ವರ್ಟಿಕಲ್ ಸಾಲು. 2 ಮೀ ತುಂಡಾದರೆ 72, ಜಾಕ್ 24. ಬುಡ, 2, 4, 6 ಮೀ, ಹೀಗೆ ನಾಲ್ಕು ಮಟ್ಟದಲ್ಲಿ ತಲಾ 16 ರಂತೆ 1.5 ಮೀ ಲೆಡ್ಜರ್ 64, 1 ಮೀ ಲೆಡ್ಜರ್ 64. ಕೈಕಂಬಿಗೆ ಹೊರಗಿನ 16 ಸಾಲಿನ ಮೇಲೆ 1 ಮೀ ತುಂಡು, ಅಟ್ಟಣೆಯಿಂದ ಅರ್ಧ ಮತ್ತು 1 ಮೀ ಎತ್ತರಕ್ಕೆ ಇನ್ನೂ 16 ಲೆಡ್ಜರ್. ತ್ರಿಕೋನ ಬಾಯಿಗಳಿಗೆ ಹಲಗೆ ಹೊರಲು ಒಂದು, ಕೈಕಂಬಿಗೆ ಎರಡು, ಒಟ್ಟು 24 ಟ್ಯೂಬ್, 48 ಕ್ಲಾಂಪ್. ಹೊರಮೈಗೆ ಒಂದು ಬಿಟ್ಟು ಒಂದು ಬಾಹುವಿಗೆ ಬ್ರೇಸಿಂಗ್, ಮೂರು ಹಂತಕ್ಕೆ 12. ಅಟ್ಟಣೆಯ ಅಂಚಿಗೆ 150 ಮಿಮೀ ಎತ್ತರದ ಕಾಲಂಚು ಪಟ್ಟಿ. ಕೆಳಗೆ ಓಡಾಡುವವರ ತಲೆ ಮೇಲೆ ಸ್ಪ್ಯಾನರ್ ಬೀಳದಂತೆ ತಡೆಯುವುದು ಆ ಪಟ್ಟಿಯೇ.

ಭಾರ, ಬುಡ

ಅಟ್ಟಣೆಯ ಭಾರಕ್ಕೆ ಯುರೋಪಿನ ಇಎನ್ 12811 ವರ್ಗಗಳನ್ನೇ ಇಲ್ಲೂ ಹೆಚ್ಚಾಗಿ ಬಳಸುತ್ತಾರೆ. ವರ್ಗ 3 ಅಂದರೆ ಚದರ ಮೀಟರಿಗೆ 2 ಕಿಲೋನ್ಯೂಟನ್, ವರ್ಗ 4 ಅಂದರೆ 3. ನಮ್ಮ ದೇಶದ್ದೇ ಸುರಕ್ಷತಾ ಸಂಹಿತೆ ಐಎಸ್ 3696, ಸ್ಟೀಲ್ ಟ್ಯೂಬ್ ಸಾರುವೆಗೆ ಐಎಸ್ 4014. ಎರಡನ್ನೂ ಓದಿಕೊಂಡಿರಬೇಕು.

ಬಾಯ್ಲರ್ ಇಟ್ಟಿಗೆ ಕೆಲಸವನ್ನು ನೋಡಿ. 230 × 115 × 75 ಮಿಮೀ ಬೆಂಕಿ ಇಟ್ಟಿಗೆ ಒಂದು ಸುಮಾರು 4 ಕೆಜಿ. 2 × 1.2 ಮೀ ಅಂಕಣ 2.4 ಚದರ ಮೀಟರ್, ವರ್ಗ 3ರಲ್ಲಿ ಅದರ ಒಟ್ಟು ಮಿತಿ ಸುಮಾರು 490 ಕೆಜಿ. ಮೇಸ್ತ್ರಿಯ ಕೈಗೆ ಹತ್ತಿರವಿರಲಿ ಎಂದು ನೂರು ಇಟ್ಟಿಗೆ ಪೇರಿಸಿದರೆ 400 ಕೆಜಿ. ಮೇಸ್ತ್ರಿ, ಸಹಾಯಕ, ಗಾರೆ ಬಾಣಲಿ ಸೇರಿದರೆ ಮಿತಿ ದಾಟಿತು. ಇಟ್ಟಿಗೆ ಕೆಲಸಕ್ಕೆ ವರ್ಗ 4 ಕಟ್ಟಿ, ಇಟ್ಟಿಗೆಯನ್ನು ವರ್ಟಿಕಲ್‌ಗಳ ಹತ್ತಿರ ಹರಡಿ ಇಡಿಸಿ. ಭಾರದ ವರ್ಗವನ್ನು ಸಾರುವೆಗೆ ತೂಗುಹಾಕುವ ಟ್ಯಾಗಿನ ಮೇಲೆ ಕನ್ನಡದಲ್ಲಿ, ಕೆಜಿ ಲೆಕ್ಕದಲ್ಲಿ ಬರೆಸಿ. ಕಿಲೋನ್ಯೂಟನ್ ಓದಿ ಯಾರೂ ಇಟ್ಟಿಗೆ ಎಣಿಸುವುದಿಲ್ಲ.

ಬುಡದ ತೊಂದರೆ ಕಾಂಕ್ರೀಟ್ ನೆಲದಲ್ಲಿ ಕಾಣದು, ಅಂಗಳದಲ್ಲಿ ಕಾಣುತ್ತದೆ. ನಾಲೆ ಬಯಲಿನ ಮಣ್ಣು, ಹಿಂದೆ ಅಗೆದು ಮುಚ್ಚಿದ ಪೈಪ್‌ಲೈನ್ ಗುಂಡಿ, ಅದರ ಮೇಲೊಂದು ಮಳೆ. ಒಂದು ವರ್ಟಿಕಲ್‌ಗೆ 6 ಕಿಲೋನ್ಯೂಟನ್ ಬಂದರೂ 150 × 150 ಮಿಮೀ ಪ್ಲೇಟಿನ ಕೆಳಗೆ ಅದು ಚದರ ಮೀಟರಿಗೆ 27 ಟನ್ ಒತ್ತಡ. ಒದ್ದೆಯಾದ ತುಂಬುಮಣ್ಣು ಇದನ್ನು ತಾಳದು. ಅದೇ ಪ್ಲೇಟಿನ ಕೆಳಗೆ 225 ಮಿಮೀ ಅಗಲ, ಅರ್ಧ ಮೀಟರ್ ಉದ್ದದ ಗಟ್ಟಿ ಹಲಗೆ ಕೊಟ್ಟರೆ ಐದೂವರೆ ಟನ್ನಿಗೆ ಇಳಿಯುತ್ತದೆ. ಎರಡು ವರ್ಟಿಕಲ್‌ಗೆ ಸೇರಿಸಿ ಒಂದೇ ಉದ್ದ ಹಲಗೆ ಹಾಕಿದರೆ ಇನ್ನೂ ಒಳ್ಳೆಯದು. ಇಟ್ಟಿಗೆ ಚೂರು, ಖಾಲಿ ಡ್ರಮ್ಮು ಬೇಡವೇ ಬೇಡ. ಜಾಕ್ ಎಷ್ಟೇ ಎತ್ತಿದರೂ ಕನಿಷ್ಠ 150 ಮಿಮೀ ಅಥವಾ ಅದರ ಒಟ್ಟು ಉದ್ದದ ಕಾಲು ಭಾಗ, ಯಾವುದು ಹೆಚ್ಚೋ ಅಷ್ಟು, ಪೈಪಿನೊಳಗೆ ಇರಲೇಬೇಕು.

ಕಟ್ಟುವಾಗ ಕಣ್ಣಿಡಬೇಕಾದ್ದು

ಮೊದಲ ಸುತ್ತಿನ ಲೆಡ್ಜರ್ ಬುಡದಲ್ಲೇ ಹಾಕಿ, ನೀರುಮಟ್ಟ ಹಿಡಿದು ಜಾಕ್ ತಿರುಗಿಸಿ, ಕರ್ಣಗಳನ್ನು ಅಳೆದು ಚೌಕ ಸರಿ ಮಾಡಿಕೊಳ್ಳಿ. ಇಲ್ಲಿ ಹತ್ತು ಮಿಲಿಮೀಟರ್ ತಪ್ಪಿದರೆ ಮೇಲಿನ ಬೆಣೆ ಒಂದೂ ಸರಿಯಾಗಿ ಕೂರುವುದಿಲ್ಲ. ಆಗ ಹುಡುಗರು ಬೆಣೆಯನ್ನು ಅರ್ಧ ಹೊಡೆದು ಬಿಡುತ್ತಾರೆ.

ಗಂಟು ಬಿಗಿಯಾಗಿದೆಯೋ ಇಲ್ಲವೋ ಕಿವಿಗೇ ತಿಳಿಯುತ್ತದೆ. ಚೆನ್ನಾಗಿ ಕೂತ ಬೆಣೆಗೆ ಸುತ್ತಿಗೆ ತಾಗಿಸಿದರೆ ಠಣ್ ಅನ್ನುತ್ತದೆ, ಸಡಿಲಿದ್ದರೆ ಮಂಕು ಶಬ್ದ. ಕಪ್‌ಲಾಕ್‌ನಲ್ಲಿ ಒಣಗಿದ ಕಾಂಕ್ರೀಟ್ ಹಾಲು ಕಪ್ಪಿನೊಳಗೆ ಉಳಿದರೆ ಮೇಲಿನ ಕಪ್ಪು ಪೂರ್ತಿ ಇಳಿಯದು. ಕೆಳಗಿನಿಂದ ನೋಡಿದರೆ ಕೂತಂತೆಯೇ ಕಾಣುತ್ತದೆ. ಏರಿಸುವ ಮೊದಲು ನೆಲದಲ್ಲೇ ಕೆರೆದು ತೆಗೆಯಬೇಕು. ವರ್ಟಿಕಲ್ ಜೋಡಣೆಗೆ ಒಳತೂರುವ ತುಂಡಾದ ಸ್ಪಿಗಾಟ್‌ಗೆ ಪಿನ್ ಹಾಕುವುದನ್ನು ಬಿಡುವುದು ಇನ್ನೊಂದು ಚಾಳಿ. ಭಾರ ಕೆಳಗೇ ಒತ್ತುವವರೆಗೆ ತೊಂದರೆ ಇಲ್ಲ. ಕ್ರೇನ್ ಕೊಕ್ಕೆ ಕೈಕಂಬಿಗೆ ಸಿಕ್ಕಿ ಮೇಲಕ್ಕೆಳೆದರೆ, ಇಲ್ಲವೇ ಶೇಡ್‌ನೆಟ್ ಕಟ್ಟಿದ ಸಾರುವೆಗೆ ಅಶ್ವಿನಿ, ಭರಣಿ ಮಳೆಯ ಬಿರುಗಾಳಿ ನುಗ್ಗಿದರೆ ಮೇಲಿನ ತುಂಡು ಕಳಚಿ ಬರುತ್ತದೆ.

ಬಯಲಲ್ಲಿ ಬುಡದ ಚಿಕ್ಕ ಅಗಲದ ಮೂರು ಪಟ್ಟಿಗಿಂತ ಎತ್ತರ ಹೋದರೆ ಸಾರುವೆಯನ್ನು ಕಟ್ಟಡಕ್ಕೆ ಬಿಗಿದು ಹಿಡಿಯುವ ಟೈ ಬೇಕು. ಪ್ರತಿ 4 ಮೀ ಎತ್ತರಕ್ಕೊಂದು ಸುತ್ತು ಅನ್ನುವುದು ಒಳ್ಳೆಯ ಅಭ್ಯಾಸ. ಕಂಬವನ್ನು ನಾಲ್ಕೂ ಕಡೆ ಟ್ಯೂಬಿನಿಂದ ಅಪ್ಪಿ ಹಿಡಿಯುವ ಬಾಕ್ಸ್ ಟೈ ಕಾರ್ಖಾನೆಯಲ್ಲಿ ಅತ್ಯುತ್ತಮ, ಡ್ರಿಲ್ ಮಾಡುವ ಗೊಡವೆಯೇ ಇಲ್ಲ. ಸ್ಟೀಮ್ ಪೈಪಿಗೆ ಮಾತ್ರ ಎಂದೂ ಟೈ ಕಟ್ಟಬಾರದು. 10 ಮೀ ಉದ್ದದ ಸ್ಟೀಲ್ ಪೈಪು 300 ಡಿಗ್ರಿ ಬಿಸಿಯೇರಿದರೆ 36 ಮಿಮೀ ಉದ್ದವಾಗುತ್ತದೆ, ಸಾರುವೆಯನ್ನೂ ಜೊತೆಗೆ ತಳ್ಳುತ್ತದೆ. ಹಲಗೆಯ ತುದಿ ಪೈಪಿಗೆ ತಾಗಿದ್ದರೂ ಅದೇ ಕಥೆ. ವೆಲ್ಡಿಂಗ್‌ನ ರಿಟರ್ನ್ ಕೇಬಲನ್ನೂ ಸಾರುವೆಗೆ ಸಿಕ್ಕಿಸಬಾರದು.

ಬಾಯ್ಲರ್ ಒಳಗೆ

ಫರ್ನೇಸ್‌ಗೆ ಇಳಿಯುವ ಮೊದಲು ಮೇಲೆ ಅಂಟಿದ ಕ್ಲಿಂಕರ್ (ಗಟ್ಟಿಯಾದ ಬೂದಿ ಹೆಂಟೆ) ಉದುರಿಸಿರಬೇಕು, ಗಾಳಿ ಪರೀಕ್ಷೆ ಆಗಿರಬೇಕು, ಪರ್ಮಿಟ್ ಕೈಯಲ್ಲಿರಬೇಕು. ಇಂಥ ಮುಚ್ಚಿದ ಜಾಗದೊಳಗೆ ಕೈದೀಪ 24 ವೋಲ್ಟ್ ದಾಟುವಂತಿಲ್ಲ ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು, ಅದೇ ಮಿತಿ ಇಟ್ಟುಕೊಳ್ಳಿ. ಜಾಕನ್ನು ಗ್ರೇಟ್ ಬಾರ್ (ಉರುವಲು ಉರಿಯುವ ಜಾಲರಿಯ ಸರಳು) ಮೇಲೆ ನೇರವಾಗಿ ಊರಬೇಡಿ. ಚಾನೆಲ್ ಅಡ್ಡ ಹಾಸಿ, ಕೆಳಗಿನ ತೊಲೆಗಳಿಗೆ ಭಾರ ಹಂಚಿ. ಫರ್ನೇಸ್ ಗೋಡೆಯ ನೀರಿನ ಕೊಳವೆಗಳಾದ ವಾಟರ್ ವಾಲ್ ಟ್ಯೂಬಿಗೆ ಕ್ಲಾಂಪ್ ಕಚ್ಚಿಸಬೇಡಿ, ರಬ್ಬರ್ ತುದಿಯ ಜಾಕಿನಿಂದ ಒತ್ತು ಕೊಡಿ. ಎಲ್ಲ ತುಂಡೂ ಮ್ಯಾನ್‌ಹೋಲ್‌ನಲ್ಲಿ ತೂರಿ, ಒಳಗೆ ತಿರುಗಬೇಕು. ಹೀಗಾಗಿ 1 ಮತ್ತು 1.5 ಮೀ ವರ್ಟಿಕಲ್, ಕಿರಿದಾದ ಹಲಗೆ ತರಿಸಿ.

ಒಳಗೆ ಹೋದದ್ದನ್ನು ಮ್ಯಾನ್‌ಹೋಲ್ ಬಾಯಲ್ಲೇ ಪುಸ್ತಕಕ್ಕೆ ಬರೆದುಕೊಳ್ಳಿ: ವರ್ಟಿಕಲ್ ಎಷ್ಟು, ಪಿನ್ ಎಷ್ಟು, ಕ್ಲಾಂಪ್ ಎಷ್ಟು. ಬಿಚ್ಚುವಾಗ ಮೇಲಿನಿಂದ ಕೆಳಕ್ಕೆ, ಒಂದೊಂದೇ ತುಂಡು ಕೈಯಿಂದ ಕೈಗೆ ಇಳಿಸಬೇಕು, ಎಸೆಯುವಂತಿಲ್ಲ. ಹೊರಬಂದ ಲೆಕ್ಕ ತಾಳೆಯಾಗುವವರೆಗೆ ಮುಚ್ಚಳ ಬಿಗಿಯಲು ಬಿಡಬಾರದು. ಗ್ರೇಟ್ ಸಂದಿಗೆ ಬಿದ್ದ ಒಂದೇ ಕ್ಲಾಂಪ್ ಸಾಕು, ಬೂದಿ ಸಾಗಿಸುವ ಕನ್ವೇಯರ್ ಸಿಕ್ಕಿಕೊಂಡು ನಿಲ್ಲಲು.