‘ಶೇ’ ಬೇಡದ ಪರ್ಸೆಂಟೈಲ್

ಜೆಇಇ ಮೇನ್ ಫಲಿತಾಂಶ ಬಂದ ಮರುದಿನ ನಮ್ಮ ಊರಿನ ಬಸ್ ನಿಲ್ದಾಣದ ಎದುರು ಕೋಚಿಂಗ್ ಕೇಂದ್ರವೊಂದರ ಫ್ಲೆಕ್ಸ್ ಎದ್ದಿತು. ಹತ್ತು ಮಕ್ಕಳ ಫೋಟೊ. ಒಂದೊಂದರ ಕೆಳಗೂ ‘ಶೇ 98.6 ಅಂಕ’, ‘ಶೇ 97.2 ಅಂಕ’ ಎಂಬ ದಪ್ಪಕ್ಷರ. ಹತ್ತಕ್ಕೆ ಹತ್ತೂ ತಪ್ಪು. ಆ ಮಕ್ಕಳು ಪಡೆದದ್ದು ಪರ್ಸೆಂಟೈಲ್, ಅಂದರೆ ಪರೀಕ್ಷೆ ಬರೆದವರ ಸಾಲಿನಲ್ಲಿ ಅವರ ಜಾಗ. ಫ್ಲೆಕ್ಸ್ ಬರೆಸಿದವರ ಮಾತು ಬಿಡಿ, ಪತ್ರಿಕೆಗಳಲ್ಲೂ ವರ್ಷ ವರ್ಷ ಇದೇ ‘ಶೇ’ ಅಚ್ಚಾಗುತ್ತದೆ. ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವ ನನಗೆ ಇದರ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದು ಗೊತ್ತು.

ಅದೇ ವಾರ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದರು. ‘ಮೇಡಂ, ಎಸ್ಎಸ್ಎಲ್‌ಸಿಯಲ್ಲಿ 93 ತೆಗೆದ ಹುಡುಗಿ. ಎರಡು ವರ್ಷಕ್ಕೆ ಜೆಇಇಯಲ್ಲಿ 84ಕ್ಕೆ ಇಳಿದಿದ್ದಾಳೆ. ಓದು ಎಲ್ಲಿ ಕೈಬಿಟ್ಟಿತು ನೀವೇ ಹೇಳಿ’ ಎಂದರು. ಹುಡುಗಿ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು.

‘ಶೇಕಡಾ’ ನಮಗೆ ಮರಾಠಿಯ ದಾರಿಯಿಂದ ಬಂದ ಮಾತು. ಶೇಕಡಾ ಎಂದರೆ ನೂರರ ಲೆಕ್ಕ. ಶೇಕಡಾ ಎರಡರ ಬಡ್ಡಿ ಎಂದರೆ ನೂರು ರೂಪಾಯಿಗೆ ಎರಡು ರೂಪಾಯಿ. 625ಕ್ಕೆ 581 ಬಂದರೆ ಶೇ 93. ಇಲ್ಲಿ ನಿಮ್ಮ ಅಂಕವಿದೆ, ಒಟ್ಟು ಅಂಕವಿದೆ, ಮೂರನೆಯವರು ಯಾರೂ ಇಲ್ಲ. ಪಕ್ಕದ ಬೆಂಚಿನವರು ಎಷ್ಟು ತೆಗೆದರೂ ನಿಮ್ಮ ಶೇಕಡಾ ಕದಲುವುದಿಲ್ಲ.

ಪರ್ಸೆಂಟೈಲ್‌ನ ಹುಟ್ಟು ಬೇರೆ. ಅದರ ಬಾಲದಲ್ಲಿರುವ ‘ಐಲ್’ ಜ್ಯೋತಿಷಿಗಳ ಕಡೆಯದು. ಎರಡು ಗ್ರಹಗಳ ನಡುವಿನ ಕೋನ ಸಂಬಂಧಕ್ಕೆ ಕ್ವಾರ್ಟೈಲ್, ಸೆಕ್ಸ್‌ಟೈಲ್ ಎಂಬ ಹೆಸರುಗಳು ಇಂಗ್ಲಿಷಿನಲ್ಲಿ ಬಹಳ ಹಿಂದಿನಿಂದ ಇದ್ದವು. ಅದೇ ಅಚ್ಚಿನಲ್ಲಿ ಈ ಪದವನ್ನು ಬಳಕೆಗೆ ತಂದವರು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಅವರು ಒಂದು ಅಳತೆಯ ಕೇಂದ್ರ ತೆರೆದು 9,337 ಜನರ ಎತ್ತರ, ತೂಕ, ಹಿಡಿತದ ಬಲ, ಕಣ್ಣಿನ ಚುರುಕು ಎಲ್ಲ ಅಳೆಸಿದರು. ಮರುವರ್ಷ ಆ ಲೆಕ್ಕ ಪ್ರಕಟವಾದಾಗ ‘ಪರ್ಸೆಂಟೈಲ್’ ಬಂತು. ಒಬ್ಬ ವ್ಯಕ್ತಿ ಅಷ್ಟು ಜನರ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾನೆ ಎಂದು ಹೇಳುವುದಕ್ಕೆ ಅವರಿಗೆ ಒಂದು ಪದ ಬೇಕಿತ್ತು. ಬೆಳಗಿನ ಪ್ರಾರ್ಥನೆಗೆ ಎತ್ತರದ ಪ್ರಕಾರ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತೇವಲ್ಲ, ಅದೇ ಲೆಕ್ಕ. ಸಾಲಿನಲ್ಲಿ ಜಾಗ ಎಷ್ಟನೆಯದು ಎಂದು ಹೇಳಿದ ಮಾತ್ರಕ್ಕೆ ಮಗು ಎಷ್ಟು ಸೆಂಟಿಮೀಟರ್ ಎತ್ತರ ಎಂದು ಹೇಳಿದಂತಾಗುವುದಿಲ್ಲ.

ಈ ವ್ಯತ್ಯಾಸ ತೋರಿಸಲು ಕನ್ನಡದಲ್ಲಿ ಹೊಸ ಪದವೇ ಬೇಕಿಲ್ಲ, ‘ನೇ’ ಸಾಕು. ‘ಐದು ಮನೆ’ ಎಂದರೆ ಎಣಿಕೆ, ‘ಐದನೇ ಮನೆ’ ಎಂದರೆ ಜಾಗ. ಐದನೇ ಮನೆಯಲ್ಲಿರುವವರಿಗೆ ಐದು ಮನೆಗಳಿವೆ ಎಂದು ಯಾರೂ ತಿಳಿಯುವುದಿಲ್ಲ. ‘84ನೇ ಪರ್ಸೆಂಟೈಲ್’ ಎಂದು ಬರೆದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ದಶಾಂಶ ಸೇರಿದಾಗ ‘ನೇ’ ತೊಡಕೆನಿಸಿದರೆ ‘98.6 ಪರ್ಸೆಂಟೈಲ್’ ಎನ್ನಿ. ‘ಶೇ’ ಮಾತ್ರ ಹಚ್ಚಬೇಡಿ, ‘ಅಂಕ’ ಅಂತೂ ಬೇಡವೇ ಬೇಡ.

ತಾಯಂದಿರಿಗೆ ಇದು ಗೊತ್ತಿಲ್ಲದ ಸಂಗತಿಯೂ ಅಲ್ಲ. ಮಗು ಕೂಸಾಗಿದ್ದಾಗ ಮಕ್ಕಳ ವೈದ್ಯರು ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕೆ ಇಟ್ಟು ‘ತೂಕ 50ನೇ ಪರ್ಸೆಂಟೈಲ್‌ನಲ್ಲಿದೆ, ಚೆನ್ನಾಗಿದೆ’ ಎಂದಾಗ ಮಗುವಿಗೆ ಅರ್ಧ ತೂಕವೇ ಇದೆ ಎಂದು ಯಾವ ತಾಯಿಯೂ ಗಾಬರಿಯಾಗಲಿಲ್ಲ. ಅದೇ ಪದ ಹದಿನೇಳು ವರ್ಷದ ನಂತರ ಅಂಕಪಟ್ಟಿಯಂತೆ ಕಾಣುವ ಹಾಳೆಯ ಮೇಲೆ ಬಂದಾಗ ದಿಗಿಲಾಗುತ್ತದೆ. ಆ ಹಾಳೆಯದೂ ತಪ್ಪಿದೆ. ಜೆಇಇ ಹಾಳೆಯಲ್ಲಿ ಆ ಸಂಖ್ಯೆಯ ತಲೆಯ ಮೇಲೆ ‘ಎನ್‌ಟಿಎ ಸ್ಕೋರ್’ ಎಂದಿರುತ್ತದೆ (ಎನ್‌ಟಿಎ ಎಂದರೆ ಪರೀಕ್ಷೆ ನಡೆಸುವ ಸಂಸ್ಥೆ). ಸ್ಕೋರ್ ಎಂದಮೇಲೆ ಅಂಕವೆಂದೇ ಓದುತ್ತಾರೆ.

ನೀಟ್‌ನಲ್ಲಂತೂ ಎರಡೂ ಅಕ್ಕಪಕ್ಕದಲ್ಲೇ ಕುಳಿತಿದ್ದವು. 2023ರಲ್ಲಿ ಸಾಮಾನ್ಯ ವರ್ಗದ ವಿದ್ಯಾರ್ಥಿ ಎಂಬಿಬಿಎಸ್‌ಗೆ ಅರ್ಹನಾಗಲು ಪಿಯುಸಿಯ ಭೌತ, ರಸಾಯನ, ಜೀವವಿಜ್ಞಾನದಲ್ಲಿ ಶೇ 50 ಅಂಕ ಬೇಕಿತ್ತು, ನೀಟ್‌ನಲ್ಲಿ 50ನೇ ಪರ್ಸೆಂಟೈಲ್ ಬೇಕಿತ್ತು. ಎರಡೂ ‘ಐವತ್ತು’, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ಆ ವರ್ಷ 50ನೇ ಪರ್ಸೆಂಟೈಲ್ ಇದ್ದದ್ದು 720ಕ್ಕೆ 137 ಅಂಕದಲ್ಲಿ. ಶೇಕಡಾ ಲೆಕ್ಕದಲ್ಲಿ ಅದು 19.

ಜೆಇಇ ಹಾಳೆಯನ್ನು ಓದುವ ಕ್ರಮ ಹೀಗೆ. ಪರೀಕ್ಷೆ ಹಲವು ಪಾಳಿಗಳಲ್ಲಿ, ಬೇರೆ ಬೇರೆ ಪ್ರಶ್ನೆಪತ್ರಿಕೆಗಳಲ್ಲಿ ನಡೆಯುತ್ತದೆ. ಒಂದು ಪತ್ರಿಕೆ ಕಷ್ಟ, ಇನ್ನೊಂದು ಸುಲಭ ಇರಬಹುದು. ಆದ್ದರಿಂದ ನಿಮ್ಮ ಮಗುವಿನ ಪಾಳಿಯಲ್ಲಿ ಬರೆದವರಲ್ಲಿ ಎಷ್ಟು ಜನ ಮಗುವಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದಿದ್ದಾರೆ ಎಂದು ಎಣಿಸಿ ಅದನ್ನು ನೂರಕ್ಕೆ ತರುತ್ತಾರೆ. ಪಾಳಿಯ ಮೊದಲಿಗರು 300ಕ್ಕೆ 300 ತೆಗೆಯದಿದ್ದರೂ 100 ಪರ್ಸೆಂಟೈಲ್ ಪಡೆಯುತ್ತಾರೆ. ಏಳು ದಶಾಂಶ ಸ್ಥಾನ ಬರೆಯುವುದು ಲಕ್ಷಗಟ್ಟಲೆ ಮಕ್ಕಳು ಒಂದೇ ಸಂಖ್ಯೆಯಲ್ಲಿ ಗುಂಪುಗಟ್ಟದಿರಲಿ ಎಂದು. 2024ರಲ್ಲಿ ಐಐಟಿ ಪ್ರವೇಶದ ಮುಂದಿನ ಪರೀಕ್ಷೆಯಾದ ಜೆಇಇ ಅಡ್ವಾನ್ಸ್ಡ್‌ಗೆ ಸಾಮಾನ್ಯ ವರ್ಗದ ಗೆರೆ 93.2362181 ಇತ್ತು.

ಹಾಳೆಯಲ್ಲಿ ನಾಲ್ಕು ಸಂಖ್ಯೆಗಳಿರುತ್ತವೆ: ಮೂರು ವಿಷಯದವು, ಒಂದು ಒಟ್ಟಿನದು. ಮೂರನ್ನು ಕೂಡಿಸಿ ಮೂರರಿಂದ ಭಾಗಿಸಿ ‘ಒಟ್ಟು ತಪ್ಪಾಗಿದೆ’ ಎಂದು ಅರ್ಜಿ ಬರೆಯಲು ಹೊರಟವರನ್ನೂ ಕಂಡಿದ್ದೇನೆ. ಜಾಗಗಳನ್ನು ಕೂಡಿಸಲು ಬರುವುದಿಲ್ಲ. ಭೌತದಲ್ಲಿ ಮುಂದಿರುವವರು ರಸಾಯನದಲ್ಲಿ ಹಿಂದಿರುತ್ತಾರೆ. ಮೂರರಲ್ಲೂ ಸಮನಾಗಿ ಬರೆದ ಮಗು ಒಟ್ಟಿನ ಸಾಲಿನಲ್ಲಿ ಅವರನ್ನು ದಾಟಿ ಮುಂದೆ ನಿಲ್ಲುತ್ತದೆ. ಅದಕ್ಕೇ ಒಟ್ಟಿನ ಪರ್ಸೆಂಟೈಲ್ ಕೆಲವೊಮ್ಮೆ ಮೂರಕ್ಕಿಂತಲೂ ಹೆಚ್ಚಿರುತ್ತದೆ. ಕೋಚಿಂಗ್‌ನ ಅಣಕು ಪರೀಕ್ಷೆಯ ಪರ್ಸೆಂಟೈಲನ್ನೂ ಇದರ ಪಕ್ಕ ಇಡಬೇಡಿ. ಅಲ್ಲಿ ಸಾಲಿನಲ್ಲಿರುವವರು ಆ ಕೇಂದ್ರದ ಮಕ್ಕಳು ಮಾತ್ರ.

ಆ ತಂದೆಗೆ ಇಷ್ಟನ್ನೂ ಹೇಳಿದೆ. ‘ಹಾಗಾದರೆ ಅಂಕ ಎಷ್ಟು ಬಂದಿದೆ ಮೇಡಂ?’ ಎಂದರು. ಹಾಳೆಯಲ್ಲಿ ಅದು ಇರುವುದೇ ಇಲ್ಲ. ಹುಡುಗಿಯ ಉತ್ತರಗಳ ಪ್ರತಿಯನ್ನೂ ಅಂತಿಮ ಕೀ ಉತ್ತರವನ್ನೂ ಮೊಬೈಲಿನಲ್ಲಿ ತೆರೆದು ಮೂವರೂ ಕೂತು ಎಣಿಸಿದೆವು. 75 ಪ್ರಶ್ನೆಗಳಲ್ಲಿ ಸರಿ 21, ತಪ್ಪು 13, ಬಿಟ್ಟದ್ದು 41. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಳೆದರೆ 300ಕ್ಕೆ 71. ‘ಅಂದರೆ ಶೇ 24ಕ್ಕೂ ಕಡಿಮೆ!’ ಎಂದು ಅವರು ಮುಖ ಸಣ್ಣಗೆ ಮಾಡಿದರು. ಹೌದು, ಶೇಕಡಾ ಅಷ್ಟೇ. ಪರೀಕ್ಷೆ ಬರೆದವರು ಸುಮಾರು ಹನ್ನೆರಡು ಲಕ್ಷ ಎಂದು ಹಿಡಿದು ಹಾಳೆಯ ಹಿಂಬದಿಯಲ್ಲಿ 84ರಿಂದ ಗುಣಿಸಿ ನೂರರಿಂದ ಭಾಗಿಸಿ ತೋರಿಸಿದೆ: ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ ಪಡೆದವರು ಹತ್ತು ಲಕ್ಷಕ್ಕೂ ಮೇಲೆ. ಅವರು ಆ ಸೊನ್ನೆಗಳನ್ನು ಬೆರಳಿನಿಂದ ಎರಡು ಸಲ ಎಣಿಸಿದರು. ಆಮೇಲೆ ಬಾಗಿಲ ಕಡೆಯ ಕುರ್ಚಿಯಲ್ಲಿದ್ದ ಮಗಳ ಕಡೆ ತಿರುಗಿ, ‘ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲ, ಬಾ’ ಎಂದರು.